ಗರಿಕೆಗೇಕೆ ಅಂಗಳದಲ್ಲಿ ಎಡೆಯಿಲ್ಲ?

ಮನೆಯಂಗಳದ ಹುಲ್ಲುಹಾಸು ತೇಪೆತೇಪೆಯಾಗಿ ಒಣಗಿತೆಂದು ಮೋಮಿನಪುರದಲ್ಲಿಯೂ ಮರುಗುವವರುಂಟು. ಮರುಕ ಸರಿ, ಮದ್ದು ಮಾತ್ರ ತಪ್ಪು. 40 ಡಿಗ್ರಿ ದಾಟುವ ಕಲಬುರಗಿಯ ಬಿಸಿಲಿಗೆ ನಮ್ಮ ಎರೆಮಣ್ಣು ಬಿರಿದು ಎಳೆಬೇರನ್ನು ಹರಿಯುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ನೀರು ಕುಡಿದು ಉಬ್ಬಿ ಬೇರಿನ ಉಸಿರು ಕಟ್ಟುತ್ತದೆ. ಇದಕ್ಕೆ ಭೀಮಾ, ಬೆಣ್ಣೆತೊರಾಗಳ ಕುಡಿಯುವ ನೀರನ್ನು ದಿನವೂ ಚಿಮುಕಿಸುವುದು ಉಪಚಾರವಲ್ಲ, ಅಪಚಾರ. ಮೇಲುಮೇಲಿನ ನೀರಿಗೆ ಬೇರೂ ಮೇಲೆಯೇ ನಿಲ್ಲುತ್ತದೆ.

ಪರದೇಶದ ಹುಲ್ಲಿನ ವ್ಯಾಮೋಹ ಸಾಕು. ಮಳೆ ಹಿಡಿದೊಡನೆ ನೆಲ ಸಡಿಲಿಸಿ, ತಿಪ್ಪೆಗೊಬ್ಬರ ಬೆರೆಸಿ, ಗರಿಕೆಯ ತುಣುಕುಗಳನ್ನು ನೆಡಿರಿ. ಗೆಣ್ಣುಗೆಣ್ಣಿಗೂ ಬೇರೂರುವ ಅದು ಬೇಸಿಗೆಯಲ್ಲಿ ಕಂದಿದರೂ ಮಳೆಗೆ ಮತ್ತೆ ಚಿಗುರುತ್ತದೆ. ವೈಶಾಖದಲ್ಲಿ ಅಂಗಳ ಕಂದಿತೆಂದು ನಾಚುವುದೇಕೆ? ನೆರೆಮನೆಯ ಕೊಡ ಬರಿದಾಗಿರುವಾಗ ನಮ್ಮ ಅಂಗಳ ಹಸಿರಾಗಿದ್ದರೆ ನಾಚಬೇಕಾದದ್ದು ಅದಕ್ಕೆ.