ಅಂಡದಾನ: ದಾನಿಯ ಪಕ್ಷದಲ್ಲಿ ಒಂದು ಮಾತು

ರಕ್ತದಾನ ಮಾಡಿದವನು ಸ್ವಲ್ಪ ಹೊತ್ತು ವಿಶ್ರಮಿಸಿ ತನ್ನ ಕೆಲಸಕ್ಕೆ ತೆರಳುತ್ತಾನೆ. ಕೊಟ್ಟ ರಕ್ತವನ್ನು ಅವನ ದೇಹವೇ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಅಂಡದಾನವನ್ನೂ ಇದೇ ಸಾಲಿಗೆ ಸೇರಿಸಿ ಹಗುರವಾಗಿ ಮಾತನಾಡುವವರುಂಟು. ಈ ಹೋಲಿಕೆ ಸಲ್ಲದೆಂಬುದೇ ನಮ್ಮ ಅಭಿಪ್ರಾಯ.

ಹೆಣ್ಣುಶಿಶು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಪಕ್ವ ಅಂಡಗಳಿರುತ್ತವೆ. ಇವುಗಳಲ್ಲಿ ಜೀವಮಾನದಲ್ಲಿ ಪಕ್ವವಾಗಿ ಹೊರಬರುವುವು ಸುಮಾರು 400 ಮಾತ್ರ. ಅದೂ ಸಾಮಾನ್ಯವಾಗಿ ತಿಂಗಳಿಗೊಂದರಂತೆ. ಒಮ್ಮೆಗೇ ಹಲವು ಅಂಡಗಳು ಬೇಕಾದರೆ ಪ್ರಕೃತಿಯ ಈ ಕ್ರಮವನ್ನು ಮೀರಬೇಕಾಗುತ್ತದೆ. ಆದುದರಿಂದ ದಾನಿಗೆ ಹತ್ತು ಹನ್ನೆರಡು ದಿನ ಹಾರ್ಮೋನಿನ ಚುಚ್ಚುಮದ್ದು ಕೊಡುತ್ತಾರೆ. ಕೊನೆಯ ಚುಚ್ಚುಮದ್ದಾದ ಸುಮಾರು 36 ಗಂಟೆಗಳ ಮೇಲೆ ಮಂಪರು ಬರಿಸಿ, ಯೋನಿಯ ಭಿತ್ತಿಯ ಮೂಲಕ ಸೂಜಿ ತೂರಿಸಿ ಅಂಡಗಳನ್ನು ಹೀರಿ ತೆಗೆಯುತ್ತಾರೆ. ಬಹುಮಂದಿ ಬೇಗ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಲ್ಲಿ ಅಂಡಾಶಯಗಳು ಮಿತಿಮೀರಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವುದುಂಟು. ಅದು ತೀವ್ರವಾದರೆ ಪ್ರಾಣಕ್ಕೇ ಅಪಾಯ.

ಇನ್ನು ಪಡೆಯುವವಳ ವಿಷಯ. ಪ್ರಯೋಗಶಾಲೆಯಲ್ಲಿ ಅಂಡವನ್ನು ವೀರ್ಯಾಣುವಿನೊಡನೆ ಕೂಡಿಸಿ, ಮೂರು ಅಥವಾ ಐದು ದಿನ ಬೆಳೆದ ಭ್ರೂಣವನ್ನು ಆಕೆಯ ಗರ್ಭಕೋಶದಲ್ಲಿ ಇರಿಸುತ್ತಾರೆ. ಅದಕ್ಕೆ ಮೊದಲೇ ಈಸ್ಟ್ರೊಜೆನ್, ಪ್ರೊಜೆಸ್ಟರಾನ್‌ಗಳನ್ನು ಕೊಟ್ಟು ಗರ್ಭಕೋಶದ ಒಳಪದರವನ್ನು ಸಿದ್ಧಗೊಳಿಸಿರುತ್ತಾರೆ. ಅಂಡಾಶಯ ಕೆಲಸ ನಿಲ್ಲಿಸಿದ್ದ ಮಹಿಳೆಯೊಬ್ಬಳು ಹೀಗೆ ಗರ್ಭ ಧರಿಸಿದುದನ್ನು ಆಸ್ಟ್ರೇಲಿಯದ ವೈದ್ಯರು 1984ರಲ್ಲಿ ವರದಿ ಮಾಡಿದರು. ವಯಸ್ಸು ಅಂಡವನ್ನು ಕುಗ್ಗಿಸುವಷ್ಟು ಗರ್ಭಕೋಶವನ್ನು ಕುಗ್ಗಿಸದು. ಎಳೆಯ ದಾನಿಗಳಿಗೆ ಇಷ್ಟು ಬೇಡಿಕೆ ಬಂದಿರುವ ಕಾರಣ ಇದೇ. ಮಕ್ಕಳಿಲ್ಲದೆ ನೊಂದವರಿಗೆ ಇದು ದೊಡ್ಡ ವರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಭಾರತದಲ್ಲಿ 2021ರ ಕಾನೂನು ದಾನಿಗೆ ಕೆಲವು ರಕ್ಷಣೆಗಳನ್ನು ಒದಗಿಸಿದೆ. ಆಕೆಯ ವಯಸ್ಸು 23ರಿಂದ 35ರೊಳಗಿರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ಏಳಕ್ಕಿಂತ ಹೆಚ್ಚು ಅಂಡಗಳನ್ನು ತೆಗೆಯಕೂಡದು. ಅಂಡ ಪಡೆಯುವವರು ಆಕೆಗೆ 12 ತಿಂಗಳ ವಿಮೆ ಮಾಡಿಸತಕ್ಕದ್ದು. ಮಾರಾಟವಂತೂ ಅಪರಾಧ.

ನಿಯಮಗಳೇನೋ ಒಳ್ಳೆಯವೇ. ಆದರೆ ಕಾನೂನು ಕಾಣುವುದು ಕಾಗದವನ್ನು ಮಾತ್ರ. ತಮಿಳುನಾಡಿನ ಈರೋಡಿನಲ್ಲಿ 16 ವರ್ಷದ ಹುಡುಗಿಯ ವಯಸ್ಸನ್ನು ಸುಳ್ಳು ಗುರುತುಚೀಟಿಯಿಂದ ಹೆಚ್ಚಿಸಿ ತೋರಿಸಿ, ಹಣಕ್ಕಾಗಿ ಆಕೆಯ ಅಂಡಗಳನ್ನು ಹಲವು ಬಾರಿ ಮಾರಿದರೆಂಬ ಪ್ರಕರಣ 2022ರಲ್ಲಿ ಬಯಲಿಗೆ ಬಂದಿತು. ಬಡತನ ಮನೆಯಲ್ಲಿದ್ದು ದಲ್ಲಾಳಿ ಬಾಗಿಲಲ್ಲಿ ನಿಂತಿರುವಾಗ ಸಹಿಯೊಂದನ್ನೇ ಒಪ್ಪಿಗೆಯೆಂದು ತಿಳಿಯಲಾದೀತೆ?

ಇಲ್ಲಿ ಮತ್ತೊಂದು ತೊಡಕಿದೆ. ಅಂಡ ಹೆಚ್ಚು ದೊರೆತಷ್ಟೂ ಪಡೆಯುವವಳ ಆಸೆಗೆ ಬಲ. ಔಷಧ ಮಿತವಾದಷ್ಟೂ ದಾನಿಗೆ ಕ್ಷೇಮ. ಒಬ್ಬನೇ ವೈದ್ಯನು ಇಬ್ಬರ ಹಿತವನ್ನೂ ಸಮನಾಗಿ ಕಾಯುವುದು ಕಷ್ಟ. ಅದರಲ್ಲಿಯೂ ಶುಲ್ಕ ಕೊಡುವವರು ಒಂದೇ ಪಕ್ಷದವರಾಗಿರುವಾಗ ತಕ್ಕಡಿ ಯಾವ ಕಡೆಗೆ ವಾಲೀತೆಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದ ದಾನಿಗೆ ಬೇರೆಯೇ ವೈದ್ಯರಿರಬೇಕು. ಅವರು ಆಕೆಯನ್ನು ಮನೆಯವರಿಂದಲೂ ದಲ್ಲಾಳಿಯಿಂದಲೂ ದೂರವಾಗಿ ಕೂರಿಸಿಕೊಂಡು, ಆಕೆಯ ಭಾಷೆಯಲ್ಲಿಯೇ ಅಪಾಯಗಳನ್ನು ತಿಳಿಸಬೇಕು. ಕೊನೆಯ ಗಳಿಗೆಯಲ್ಲಿಯೂ ಆಕೆ ಬೇಡವೆಂದರೆ ಆ ಮಾತು ನಡೆಯಬೇಕು.

ಇದರಿಂದ ವೆಚ್ಚ ಏರುವುದೆಂದು ಕೆಲವರು ಆಕ್ಷೇಪಿಸಿಯಾರು. ಏರಬಹುದು. ಆದರೆ ಆ ವೆಚ್ಚವನ್ನು ಉಳಿಸಿದರೆ ಅದರ ಭಾರ ಬೀಳುವುದು ದಾನಿಯ ದೇಹದ ಮೇಲೆ. ಒಬ್ಬಳ ಮಡಿಲು ತುಂಬಲು ಇನ್ನೊಬ್ಬಳ ಆರೋಗ್ಯ ಬರಿದಾಗಕೂಡದು.

ಇದನ್ನೋದುವ ವಿದ್ಯಾರ್ಥಿನಿಯರಲ್ಲಿ ಹಲವರು ಕೆಲವೇ ವರ್ಷಗಳಲ್ಲಿ ಕಾನೂನು ಹೇಳುವ ವಯಸ್ಸನ್ನು ಮುಟ್ಟುವರು. ಅಂಡದಾನ ಮಾಡುವುದೂ ಬಿಡುವುದೂ ಅವರವರ ಇಷ್ಟ. ತಿಳಿದು ಕೊಟ್ಟರೆ ಅದು ದಾನ. ತಿಳಿಯದವಳಿಂದ ಪಡೆದರೆ ಅದು ಸುಲಿಗೆ.