ಬೆಳ್ಳಗಾಗೋ ಟ್ಯೂಬ್ ತಿರುಗಿಸಿ ಓದಿದ್ದೀರಾ?

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಗೇ ಬೆಳಗಾಗುತ್ತೆ. ಗಾರ್ಮೆಂಟ್ಸ್‌ಗೆ ಹೊರಟ ಹುಡುಗಿಯರು ತಿಂಡಿ ಬಿಟ್ಟಾರು, ಮುಖಕ್ಕೆ ಕ್ರೀಮ್ ಬಳಿಯೋದು ಬಿಡೋಲ್ಲ. ‘ಏನೂ ಹಚ್ಚದೆ ಹೋದ್ರೆ ಹುಷಾರಿಲ್ವಾ ಅಂತಾರೆ ಅಕ್ಕಾ’ ಎಂದಳು ಪಕ್ಕದ ಮನೆಯವಳು. ಅವಳ ಕೈಯಲ್ಲಿದ್ದ ಟ್ಯೂಬ್ ನೋಡಿ ನನಗೆ ಗಾಬರಿಯಾಯಿತು.

ನೀವೂ ನಿಮ್ಮದನ್ನು ತಿರುಗಿಸಿ ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಇಸುಬು, ಅಲರ್ಜಿಗೆ ಡಾಕ್ಟರು ಕೊಡುವ ಔಷಧಿ. ಕೆಲವೇ ದಿನಕ್ಕೆ ಮುಖ ಬೆಳ್ಳಗಾಗುತ್ತೆ, ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಮೊಡವೆ ಏಳುತ್ತೆ, ಬೇಡದ ಕೂದಲು ಬೆಳೆಯುತ್ತೆ. ಬಿಟ್ಟರೆ ಕೆಂಪಾಗಿ ಉರಿ. ಹೆದರಿ ಮತ್ತೆ ಅದನ್ನೇ ಹಚ್ತೀವಿ! ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿಮಾಡಿದೆ. ಆದರೆ ಅವಳ ಹತ್ತಿರ ಚೀಟಿ ಎಲ್ಲಿತ್ತು?

ಈಗಾಗಲೇ ಹಚ್ಚುತ್ತಿದ್ದರೆ ಟ್ಯೂಬ್ ಸಮೇತ ಚರ್ಮದ ಡಾಕ್ಟರಿಗೆ ತೋರಿಸಿ. ಹೇಗೆ ನಿಲ್ಲಿಸಬೇಕೆಂದು ಅವರೇ ಹೇಳಲಿ. ಉಳಿದಂತೆ ಮುಖಕ್ಕೆ ಬೇಕಾದ್ದು ಸ್ವಲ್ಪವೇ. ದಿನಕ್ಕೆರಡು ಸಲ ತೊಳೆಯಿರಿ, ಒರಟಾಗಿ ಉಜ್ಜಬೇಡಿ. ನಿಂಬೆರಸ ಬೇಡವೇ ಬೇಡ, ಉರಿಯುತ್ತೆ. ಒಣಚರ್ಮಕ್ಕೆ ಮಾಯಿಶ್ಚರೈಸರ್, ಬಿಸಿಲಿಗೆ ಹೊರಡುವ ಮುಂಚೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಕಲೆ ಮಾಸಲು ತಿಂಗಳುಗಳೇ ಹಿಡಿಯುತ್ತವೆ, ವಾರಕ್ಕೊಂದು ಕ್ರೀಮ್ ಬದಲಿಸಬೇಡಿ.

ಪಕ್ಕದ ಮನೆಯವಳು ಮೂರು ತಿಂಗಳಿಂದ ಡಾಕ್ಟರ್ ಹೇಳಿದ್ದನ್ನಷ್ಟೇ ಹಚ್ತಿದ್ದಾಳೆ. ಕೆಂಪು ಪೂರ್ತಿ ಹೋಗಿಲ್ಲ. ಮೊನ್ನೆ ಮುಖ ತೊಳೆದವಳೇ ಹಾಗೇ ಬಸ್ ಹತ್ತಿದಳು.