ಮಡಿದ ಯೋಧನ ಮನೆಯವರ ಹಕ್ಕು

ಮಡಿದ ಯೋಧನ ಚಿತೆಯೆದುರು ಸರಕಾರವು ಬಂದೂಕುಗಳ ಮರ್ಯಾದೆ ಸಲ್ಲಿಸುತ್ತದೆ, ಮಂತ್ರಿಗಳು ಹೂಮಾಲೆಯನ್ನರ್ಪಿಸುತ್ತಾರೆ. ಆ ಬಳಿಕ ಅವನ ಕಾಗದಪತ್ರಗಳು ಕಚೇರಿಗೆ ಹೋಗುತ್ತವೆ. ಅಲ್ಲಿ ಏಳುವ ಪ್ರಶ್ನೆ ಒಂದೇ: ಇವನದು ಯಾವ ವರ್ಗದ ಸಾವು?

ವಿಧವೆಯ ಅನ್ನವು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುವುದೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಅರಿಯರು. ರಕ್ಷಣಾ ಖಾತೆಯು 2001ರ ಜನವರಿಯಲ್ಲಿ ಹೊರಡಿಸಿದ ಆಜ್ಞೆಯು ಇಂಥ ಸಾವುಗಳನ್ನು ಐದು ವರ್ಗಗಳಾಗಿ ವಿಂಗಡಿಸಿದೆ. ಸೇವೆಯ ನಿಮಿತ್ತದಿಂದಾದ ಸಾವಿಗೆ ಕೊನೆಯ ಸಂಬಳದ ನೂರಕ್ಕೆ 60ರಷ್ಟು ವಿಶೇಷ ಕುಟುಂಬ ಪಿಂಚಣಿ. ಯುದ್ಧಮರಣವೆಂದು ಒಪ್ಪಿದರೆ ಪೂರ್ತಿ ಸಂಬಳದಷ್ಟು ಉದಾರ ಪಿಂಚಣಿ. ವಿಂಗಡಣೆಯೇ ತಪ್ಪೆಂದು ನಾವೆನ್ನೆವು. ವಿಂಗಡಿಸುವವರು ಯಾವ ಮನಸ್ಸಿನಿಂದ ವಿಂಗಡಿಸುತ್ತಾರೆಂಬುದೇ ನಮ್ಮ ತಕರಾರು.

2013ರ ಜನವರಿಯಲ್ಲಿ ಕಾಶ್ಮೀರದ ನಿಯಂತ್ರಣ ರೇಖೆಯ ಬಳಿ ಕೊರೆಯುವ ಚಳಿಯಲ್ಲಿ ಗಸ್ತು ತಿರುಗುತ್ತಿದ್ದ ಒಬ್ಬ ನಾಯಕನಿಗೆ ಉಸಿರು ಕಟ್ಟಿತು. ಹವೆ ಕೆಟ್ಟಿದ್ದರಿಂದ ವಿಮಾನದ ಸಹಾಯ ದೊರೆಯದೆ, ಆತನನ್ನು ಕಾಲ್ನಡೆಯಲ್ಲೇ ಸಾಗಿಸಬೇಕಾಯಿತು, ಪ್ರಾಣವುಳಿಯಲಿಲ್ಲ. ಮೊದಲು ಯುದ್ಧಮರಣವೆಂದೇ ಬರೆದುಕೊಂಡವರು ಬಳಿಕ ಆ ಬರಹವನ್ನು ಬದಲಿಸಿದರು. ಉದಾರ ಪಿಂಚಣಿ ತಪ್ಪಿತು. ವಿಧವೆಯು ಸೇನಾ ನ್ಯಾಯಮಂಡಲಿಯ ಮೊರೆಹೊಕ್ಕು 2019ರಲ್ಲಿ ಗೆದ್ದಳು. ಅಷ್ಟಕ್ಕೂ ತೃಪ್ತಿಯಾಗದೆ ಸರಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು! 2024ರ ಡಿಸೆಂಬರಿನಲ್ಲಿ ಆ ನ್ಯಾಯಾಲಯವು, ಈಕೆಯನ್ನು ಇಲ್ಲಿಯವರೆಗೆ ಎಳೆಯಬಾರದಾಗಿತ್ತೆಂದು ಹೇಳಿ, 2013ರಿಂದ ಬಾಕಿಯನ್ನು ಕೊಡಿಸಿ, 50,000 ರೂಪಾಯಿ ಖರ್ಚನ್ನೂ ಸರಕಾರದ ಮೇಲೆ ಹೊರಿಸಿತು. ಆ ಹಣವೂ ಪ್ರಜೆಗಳ ಬೊಕ್ಕಸದ್ದೇ, ತಪ್ಪಿದ ಅಧಿಕಾರಿಯ ಕಿಸೆಯದಲ್ಲ, ಎಂಬುದು ಬೇರೆ ಮಾತು.

ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು 2016ರಲ್ಲಿ ಸಿಯಾಚಿನ್ನಿನಲ್ಲಿ ಹೂತದ್ದು ಹಿಮವೇ ಹೊರತು ಶತ್ರುವಿನ ಗುಂಡಲ್ಲ. ಅಂಥ ಸಾವು ಯುದ್ಧಮರಣಕ್ಕಿಂತ ಕಡಿಮೆಯೆಂದು ಕನ್ನಡಿಗನೊಬ್ಬನಾದರೂ ಹೇಳಿಯಾನೇ? ಗಡಿಯಲ್ಲಿ ಹಿಮವೂ ಚಳಿಯೂ ಶತ್ರುಗಳೇ. ಇನ್ನು 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ತರುಣರಿಗಾದರೋ ವಿಮೆ, ಪರಿಹಾರಧನಗಳನ್ನು ಗೊತ್ತುಪಡಿಸಿ, ಕುಟುಂಬ ಪಿಂಚಣಿಯನ್ನು ಬಿಟ್ಟೇಬಿಟ್ಟರು. ಅದನ್ನು ಕುರಿತು ಮತ್ತೊಮ್ಮೆ ಬರೆಯುವೆವು.

ದಂಡಿನ ಮೇಲಧಿಕಾರಿಯು ಯುದ್ಧಮರಣವೆಂದು ಬರೆದುದನ್ನು, ವಿಧವೆಯ ಮಾತು ಕೇಳದೆ, ಮೇಜಿನ ಹಿಂದೆ ಕುಳಿತವರು ತಿದ್ದಕೂಡದು. ತಿದ್ದಿದಲ್ಲಿ ಅದಕ್ಕೆ ಕಾರಣ ತೋರಿಸುವ ಹೊರೆ ಸರಕಾರದ್ದಾಗಲಿ. ತಕರಾರು ತೀರುವ ತನಕ ಹೆಚ್ಚಿನ ದರದ ಪಿಂಚಣಿಯೇ ನಡೆಯಲಿ. ದಿಲ್ಲಿಯವರೆಗೆ ಹೋಗಲು ಹಣವೂ ಆಳೂ ಇಲ್ಲದೆ ನೂರಕ್ಕೆ 60ರಲ್ಲಿಯೇ ಸುಮ್ಮನಾದ ಹೆಂಗಸರ ಕಾಗದಗಳನ್ನು, ಅವರು ಅರ್ಜಿ ಹಾಕುವವರೆಗೆ ಕಾಯದೆ, ರಕ್ಷಣಾ ಖಾತೆಯು ತಾನಾಗಿ ತೆರೆದು ನೋಡತಕ್ಕದ್ದು.